ಕಜೆಟನ್ ಪೊರ್ಬುಗಳ ಕಾರಿಗೆ ಕರೆಂಟು

ಬೊಂಬಾಯಿ ಬಂದರಿನ ಕೆಲಸ ಮುಗಿಸಿ ಊರಿಗೆ ಬರುವಾಗ ಒಂದು ಹೊಲಿಗೆ ಮೆಷಿನು ತರುತ್ತೇನೆಂದು ಕಜೆಟನ್ ಮಿನೇಜಸ್ ಹೆಂಡತಿಗೆ ಮಾತು ಕೊಟ್ಟಿದ್ದ. ಮಲ್ಪೆಯಲ್ಲಿ ಮಂಜಿ ಹಡಗಿನಿಂದ ಇಳಿಸಿ, ಲಾರಿಗೆ ಹೇರಿ, ಶಿರ್ವದ ಮನೆಯಂಗಳಕ್ಕೆ ಅವನು ತಂದು ನಿಲ್ಲಿಸಿದ್ದು ಮಾತ್ರ ಒಂದು ಕಾರು.

ಇಮೆಲ್ಡಾ ಜಗಲಿಯಿಂದ ಇಳಿದು ಬಂದು ಅದನ್ನು ಸುತ್ತು ಹಾಕಿ ನೋಡಿದಳು. ಹಸಿರು ಬಣ್ಣದ ತಗಡಿನ ಮೈ. ಇಬ್ಬರು ಒತ್ತಿ ಕೂತರೆ ಮೂರನೆಯವರಿಗೆ ಜಾಗವಿಲ್ಲ. ಬಾಗಿಲು ಮೊಣಕಾಲಿನವರೆಗೆ ಮಾತ್ರ.

"ಹೊಲಿಗೆ ಮೆಷಿನು ಇದರ ಒಳಗೆ ಉಂಟಾ?" ಎಂದು ಕೇಳಿದಳು.

"ಇದಕ್ಕೆ ಪೆಟ್ರೋಲು ಬೇಡ," ಎಂದ ಕಜೆಟನ್, ಪ್ರಶ್ನೆ ಕೇಳಿಸದವನ ಹಾಗೆ. "ಬ್ಯಾಟರಿ ಕಾರು. ಸೀಟಿನ ಅಡಿಯಲ್ಲಿ ಬ್ಯಾಟರಿಗಳುಂಟು. ನಮ್ಮ ದೊರೆ ಗೋದಾಮಿನಿಂದ ಗೋದಾಮಿಗೆ ಇದರಲ್ಲೇ ಓಡಾಡುತ್ತಿದ್ದದ್ದು. ಅವನು ವಿಲಾಯತಿಗೆ ಹೋಗುವಾಗ, ಕಜೆಟನ್, ನಿನಗೆ ಎಂತ ಬೇಕು, ವಾಚು ಬೇಕಾ ಅಂತ ಕೇಳಿದ. ನಾನು ಕಾರು ಬೇಕು ಅಂದೆ."

"ವಾಚಾದರೆ ಕೈಗೆ ಕಟ್ಟಿಕೊಳ್ಳಬಹುದಿತ್ತು."

ಕಜೆಟನ್ ನಕ್ಕು ಲಾರಿಯಿಂದ ಇನ್ನೊಂದು ಸಾಮಾನು ಇಳಿಸಿದ. ಅಕ್ಕಿ ಮುಡಿಯಷ್ಟು ಭಾರದ ಕಬ್ಬಿಣದ ಪೆಟ್ಟಿಗೆ. ಎದುರಿಗೆ ಜಾಲರಿ, ಜಾಲರಿಯ ಹಿಂದೆ ಕುಂಬಳಕಾಯಿಯಂಥ ಒಂದು ಗಾಜಿನ ಬುರುಡೆ. ಮನೆಯ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಬದಲಾಯಿಸಿ ಕುಡಿಸುವ ಯಂತ್ರ ಅದು ಎಂದ.

"ಈ ಬುರುಡೆ ಉರಿಯುವುದನ್ನು ನೀನು ನೋಡಬೇಕು. ನಮ್ಮ ಗೋದಾಮಿನ ಕಾವಲಿನವರು ಇದರ ಬೆಳಕಿನಲ್ಲಿ ಪೇಪರು ಓದುತ್ತಿದ್ದರು, ಗೊತ್ತುಂಟಾ?"

ಇಮೆಲ್ಡಾಳ ಕಿವಿ ನೆಟ್ಟಗಾದದ್ದು ಆ ಮಾತಿಗೆ. ಗಂಡ ಬೊಂಬಾಯಿಯಲ್ಲಿದ್ದಷ್ಟು ವರ್ಷವೂ ಮನೆ, ಗದ್ದೆ, ಮಲ್ಲಿಗೆ ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳು ಅವಳು. ಮನಸ್ಸಿನಲ್ಲಿ ಬಂದದ್ದನ್ನು ಬಾಯಿಗೆ ತರುವ ಮೊದಲು ಒಂದೆರಡು ದಿನ ಒಳಗೇ ಇಟ್ಟುಕೊಳ್ಳುವ ಅಭ್ಯಾಸ ಅವಳಿಗೆ.

ಶಿರ್ವದ ಆ ಬದಿಗೆ ಕರೆಂಟಿನ ಕಂಬ ಬಂದು ಆಗ ಹೆಚ್ಚು ಸಮಯವಾಗಿರಲಿಲ್ಲ. ಅರವತ್ತರ ದಶಕದ ನಡುವಿನ ಮಾತು ಇದು. ಪಕ್ಕದ ಮನೆಯ ಮುದ್ದಣ್ಣ ಶೆಟ್ಟರು ಎಲ್ಲರಿಗಿಂತ ಮೊದಲು ದರ್ಕಾಸು ಕೊಟ್ಟು, ಬಲ್ಬು ಹಾಕಿಸಿ, ರೇಡಿಯೋವನ್ನೂ ತಂದಿದ್ದರು. ಈಗ ಕಜೆಟನನ ಸರದಿ. ಉಡುಪಿಯ ಕಚೇರಿಗೆ ಅಲೆದು ಅವನು ಮಂಜೂರು ಮಾಡಿಸಿಕೊಂಡು ಬಂದದ್ದು ಮೂರು ಬಲ್ಬಿನ ಪಾಯಿಂಟು, ಕಾರಿಗೆಂದು ಒಂದು ಪವರ್ ಪಾಯಿಂಟು. ಬಲ್ಬುಗಳಲ್ಲಿ ಒಂದು ಚಾವಡಿಗೆ, ಒಂದು ದೇವರ ಪೀಠಕ್ಕೆ, ಒಂದು ಗೇಟಿಗೆ.

"ಗೇಟಿಗೆ ಯಾಕೆ?" ಎಂದಳು ಇಮೆಲ್ಡಾ. "ಗೇಟು ಎಂತ ಕೆಲಸ ಮಾಡುತ್ತದೆ? ನನಗೆ ಬದಿಯ ಜಗಲಿಗೆ ಒಂದು ಹಾಕಿಸಿ. ಲಾಟೀನಿನ ಬುಡದಲ್ಲಿ ಕೂತು ಹೂ ಕಟ್ಟಿ ಕಟ್ಟಿ, ಮಲ್ಲಿಗೆ ಚಿಮಣಿ ಎಣ್ಣೆ ನಾರುತ್ತದೆ ಅಂತ ಹೂ ಕೊಳ್ಳುವ ಕಟ್ಟೆಯಲ್ಲಿ ದೂರುತ್ತಿದ್ದಾರೆ."

"ಅದೆಲ್ಲ ಮುಂದಿನ ವರ್ಷ ನೋಡುವ. ಈಗ ಇಷ್ಟೇ ಮಂಜೂರು ಆದದ್ದು. ಗೇಟಿಗೆ ಬೆಳಕಿಲ್ಲದೆ ಕಾರು ಒಳಗೆ ಬರುವುದು ಹೇಗೆ?"

ಇಮೆಲ್ಡಾ ಪ್ರತಿದಿನ ಕೋಳಿ ಕೂಗುವ ಮೊದಲೇ ಎದ್ದು ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದಳು. ಮನೆಯ ಮೂಡು ಬದಿಗೆ ಅವಳ ಮಲ್ಲಿಗೆ ಗಿಡಗಳ ಸಾಲು. ಸಾಲಿಗೂ ಮನೆಗೂ ನಡುವೆ ಉದ್ದದ ಜಗಲಿ. ಅಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟಿ, ಚೆಂಡು ಮಾಡಿ, ಬಿಸಿಲೇರುವ ಮೊದಲು ಶಂಕರಪುರದ ಹೂವಿನ ಕಟ್ಟೆಗೆ ಕಳಿಸಬೇಕು. ಸೈಕಲ್ಲಿನಲ್ಲಿ ಬಂದು ಕೊಂಡೊಯ್ಯುವವನು ಲೀಲಾಧರ. ಅವನು ಗಂಟೆ ಬಾರಿಸುವುದರೊಳಗೆ ಚೆಂಡು ತಯಾರಿರಬೇಕು.

ಮರುದಿನ ಕಾರ್ಕಳದಿಂದ ವಯರಿಂಗಿನ ಶೀನ ಬಂದ. ಬ್ಯಾಟರಿ ಕಾರನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಆದರೆ ನೋಡಿಲ್ಲ ಎಂದು ಹೇಳುವ ಜಾತಿಯವನಲ್ಲ. ಕಜೆಟನ್ ಏನು ಹೇಳಿದರೂ "ಅದೆಲ್ಲ ಆಗ್ತದೆ ಪೊರ್ಬುಗಳೇ" ಎನ್ನುತ್ತಿದ್ದ. ಪೊರ್ಬು ಎಂದರೆ ಅಲ್ಲಿನ ತುಳುವರು ಕ್ರಿಸ್ತುವ ಯಜಮಾನರನ್ನು ಕರೆಯುವ ಗೌರವದ ಮಾತು. ಅವರ ಹೆಂಡತಿಯಾದರೆ ಬಾಯಮ್ಮ.

"ನೋಡು ಶೀನ," ಕಜೆಟನ್ ಸುಣ್ಣದ ಹುಡಿಯ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದ. "ವಯರು ಉದ್ದ ಆದಷ್ಟೂ ಕರೆಂಟು ದಾರಿಯಲ್ಲೇ ಸೊರಗುತ್ತದೆ. ಬ್ಯಾಟರಿಗೆ ಚಾರ್ಜು ಆಗುವಾಗ ಗಾಳಿ ಏಳುತ್ತದೆ, ಅದು ಬೆಂಕಿ ಹಿಡಿಯುವ ಗಾಳಿ. ಹಾಗಾಗಿ ಒಲೆಯ ಹತ್ತಿರ ಇಡುವ ಹಾಗಿಲ್ಲ, ಮುಚ್ಚಿದ ಕೋಣೆಯಲ್ಲೂ ಇಡುವ ಹಾಗಿಲ್ಲ. ಮಳೆ ತಾಗಬಾರದು. ಕರೆಂಟು ನೆಲಕ್ಕಿಳಿಯಲಿಕ್ಕೆ ಅರ್ತಿನ ಗುಂಡಿ ಬೇಕು, ಅದಕ್ಕೆ ಉಪ್ಪು, ಇದ್ದಿಲು ತುಂಬಬೇಕು, ಅದು ಯಾವಾಗಲೂ ತೇವ ಇರಬೇಕು. ಇದಕ್ಕೆಲ್ಲ ಒಂದೇ ಜಾಗ ಇರುವುದು."

ಅವನು ಸುಣ್ಣದ ಹುಡಿ ಉದುರಿಸುತ್ತಾ ನಡೆದ. ಬಿಳಿ ಗೆರೆ ಅಂಗಳ ದಾಟಿ ನೇರ ಮಲ್ಲಿಗೆ ಸಾಲಿನೊಳಗೆ ನುಗ್ಗಿ, ನಾಲ್ಕು ಮೂಲೆಯ ಚೌಕವಾಗಿ ನಿಂತಿತು. ಅರ್ಧಕ್ಕರ್ಧ ಗಿಡಗಳು ಚೌಕದ ಒಳಗಿದ್ದವು.

"ಕಂಬಕ್ಕೆ ಹತ್ತಿರ," ಎಂದ ಕಜೆಟನ್. "ಶೆಡ್ಡು ಇಲ್ಲೇ."

"ಅದೆಲ್ಲ ಆಗ್ತದೆ," ಎಂದ ಶೀನ.

ಇಮೆಲ್ಡಾ ಚೌಕದೊಳಗಿನ ಗಿಡಗಳನ್ನು ಎಣಿಸಿದಳು. ಗಂಡನ ಹತ್ತಿರ ವಾದಕ್ಕೆ ಇಳಿದರೆ ಅವನ ಗೆರೆ ಇನ್ನಷ್ಟು ಗಟ್ಟಿಯಾಗುತ್ತದೆಂದು ಅವಳಿಗೆ ಗೊತ್ತು. "ಒಳ್ಳೆಯ ಜಾಗ. ಗಿಡಗಳಿಗೂ ವಯಸ್ಸಾಯಿತು," ಎಂದಳು. ಮಲ್ಲಿಗೆ ಹೋದರೆ ಅಳುತ್ತಾಳೆಂದು ನಾಲ್ಕು ಸಮಾಧಾನದ ಮಾತು ತಯಾರಿಟ್ಟುಕೊಂಡಿದ್ದ ಕಜೆಟನಿಗೆ ಅವನ್ನು ಎಲ್ಲಿಡುವುದೆಂದು ಗೊತ್ತಾಗಲಿಲ್ಲ.

ಕಾರನ್ನು ಚೌಕದ ಪಕ್ಕಕ್ಕೆ ತಂದು ಅಳತೆ ನೋಡಬೇಕಿತ್ತು. ಬ್ಯಾಟರಿಯಲ್ಲಿ ಚಾರ್ಜಿಲ್ಲ, ತಳ್ಳಬೇಕು. ತಳ್ಳುವುದಕ್ಕೆ ಗಂಡಸರಿಬ್ಬರು, ಸ್ಟೇರಿಂಗಿನ ಚಕ್ರ ತಿರುಗಿಸುವುದಕ್ಕೆ ಇಮೆಲ್ಡಾ. ಅವಳು ಸೀರೆಯ ಸೆರಗು ಸಿಕ್ಕಿಸಿ ಹತ್ತಿ ಕುಳಿತಳು.

"ಬಲಕ್ಕೆ! ಬಲಕ್ಕೆ!" ಎಂದು ಹಿಂದಿನಿಂದ ಕಜೆಟನ್ ಕೂಗಿದ.

"ನನ್ನ ಬಲಕ್ಕಾ, ನಿಮ್ಮ ಬಲಕ್ಕಾ?"

"ಇಬ್ಬರದ್ದೂ ಒಂದೇ ಬಲ ಮಾರಾಯ್ತಿ, ಇಬ್ಬರೂ ಮುಂದೆ ನೋಡಿಯೇ ಇರುವುದಲ್ವಾ!"

ಅಷ್ಟರಲ್ಲಿ ಕಾರು ಬೈಹುಲ್ಲಿನ ರಾಶಿಯೊಳಗೆ ಮೂತಿ ತೂರಿಸಿ ನಿಂತಿತ್ತು. ಅದನ್ನು ಹಿಂದಕ್ಕೆಳೆದು, ಮತ್ತೆ ತಳ್ಳಿ, ಚೌಕಕ್ಕೆ ಸೇರಿಸುವಾಗ ಊಟದ ಹೊತ್ತಾಯಿತು. ಶೀನ ಬಂಗುಡೆ ಸಾರಿನಲ್ಲಿ ಹೊಟ್ಟೆ ತುಂಬ ಉಂಡು, ನಾಳೆ ಗಿಡ ಕಿತ್ತ ಮೇಲೆ ಕೆಲಸ ಶುರು ಮಾಡುವ ಎಂದು ಹೋದ.

ಬೆಳಗ್ಗೆ ಕಜೆಟನ್ ಹಲ್ಲುಜ್ಜುತ್ತಾ ಬಂದು ನೋಡಿದರೆ, ಸುಣ್ಣದ ಚೌಕದ ಸರಿಯಾದ ನಡುವಿನಲ್ಲಿ ಒಂದು ತೆಂಗಿನಕಾಯಿ ಬಿದ್ದಿತ್ತು. ಮೇಲೆ ನೋಡಿದ. ಶೆಟ್ಟರ ಗಡಿಯ ತೆಂಗಿನ ಮರ ಇತ್ತ ಕಡೆಗೇ ವಾಲಿತ್ತು.

"ಅಯ್ಯೋ ದೇವಾ," ಎಂದು ಇಮೆಲ್ಡಾ ಕೆನ್ನೆಗೆ ಕೈಯಿಟ್ಟಳು. "ಅಡಿಯಲ್ಲಿ ಕಾರು ಇದ್ದಿದ್ದರೆ! ಶೆಡ್ಡಿನ ಹಂಚೂ ಹೋಗುತ್ತಿತ್ತು, ಕಾರಿನ ತಗಡೂ ಹೋಗುತ್ತಿತ್ತು. ನೀವು ಒಳಗೆ ಕೂತಿದ್ದರೆ..."

ಕಜೆಟನ್ ಕಾಯಿಯನ್ನು ಎತ್ತಿ, ತಿರುಗಿಸಿ ನೋಡಿ, ಅಡಿಗೆಮನೆಗೆ ಕೊಟ್ಟ. ಆಮೇಲೆ ಸುಣ್ಣದ ಹುಡಿ ತಂದು ಚೌಕವನ್ನು ಸಾಲಿನ ಇನ್ನೊಂದು ತುದಿಗೆ ಸರಿಸಿದ. ಗಿಡಗಳೇನೋ ಅಷ್ಟೇ ಒಳಗೆ ಬಿದ್ದವು, ಬೇರೆ ಗಿಡಗಳು ಅಷ್ಟೇ. ಶೀನ ಬಂದು, ಕಾರನ್ನು ಮತ್ತೆ ತಳ್ಳಿದ್ದಾಯಿತು. ಈ ಸಲ ಇಮೆಲ್ಡಾ ಹುಲ್ಲಿನ ರಾಶಿಯನ್ನು ಅಂದವಾಗಿ ಬಳಸಿ ತಿರುಗಿಸಿದಳು. ಮಧ್ಯಾಹ್ನ ಶೀನನಿಗೆ ಕೋಳಿ ಸಾರು.

ಅದರ ಮರುದಿನ ಹೊಸ ಚೌಕದ ನಡುವಿನಲ್ಲೂ ಒಂದು ತೆಂಗಿನಕಾಯಿ. ಅಲ್ಲಿಗೂ ಒಂದು ಮರ ವಾಲಿಕೊಂಡೇ ಇತ್ತು. ಇಮೆಲ್ಡಾ ಮತ್ತೆ ಕೆನ್ನೆಗೆ ಕೈಯಿಟ್ಟಳು. ಕಜೆಟನ್ ಮತ್ತೆ ಕಾಯಿ ತಿರುಗಿಸಿ ನೋಡಿದ. ಮತ್ತೆ ಸುಣ್ಣ ಉದುರಿತು. ಈಗ ಚೌಕ ಜಗಲಿಯ ಹತ್ತಿರದ ಮೂಲೆಗೆ ಬಂತು. ಅಲ್ಲಿ ಇದ್ದದ್ದು ಅವಳು ಹೋದ ವರ್ಷವಷ್ಟೇ ನೆಟ್ಟ ಎಳೆಯ ಗಿಡಗಳು. ಕಾರು ತಳ್ಳಿದರು. ಶೀನ ಉಂಡ. ಮಲ್ಲಿಗೆಯ ಒಂದು ಎಲೆಯನ್ನೂ ಯಾರೂ ಇನ್ನೂ ಕಿತ್ತಿರಲಿಲ್ಲ.

ಇಮೆಲ್ಡಾಗೆ ಆ ದಿನ ನೆಮ್ಮದಿಯಿಲ್ಲ. ಆ ಮೂಲೆಯ ಮೇಲೆ ಯಾವ ಮರವೂ ಇರಲಿಲ್ಲ, ಬರೀ ಆಕಾಶ. ಇನ್ನು ಬೇರೆ ಉಪಾಯ ಹುಡುಕಬೇಕು. ಬೆಳಗ್ಗೆ ಹೂ ಕೊಯ್ಯುವಾಗಲೂ ಅದೇ ಯೋಚನೆಯಲ್ಲಿದ್ದು, ಬೆಳಕು ಹರಿದ ಮೇಲೆ ಬುಟ್ಟಿ ಹಿಡಿದು ಆ ಮೂಲೆಗೆ ಬಂದಳು. ನೋಡಿದವಳು ನಿಂತಲ್ಲೇ ನಿಂತಳು.

ಚೌಕದ ನಡುವಿನಲ್ಲಿ ಒಂದು ತೆಂಗಿನಕಾಯಿ ಬಿದ್ದಿತ್ತು.

ಅದನ್ನು ಅವಳು ಇಟ್ಟಿರಲಿಲ್ಲ. ಮೇಲೆ ನೋಡಿದಳು. ಒಂದು ಕಾಗೆ ಹಾರಿ ಹೋಯಿತು. ಬಗ್ಗಿ ಕಾಯಿಯನ್ನು ನೋಡಿದಳು, ಸುತ್ತ ನೋಡಿದಳು, ಶಿಲುಬೆಯ ಗುರುತು ಹಾಕಿಕೊಳ್ಳಲು ಕೈ ಎತ್ತಿದಳು.

"ಇದು ಯಾವ ಮರದ್ದು ಅಂತ ಕಾಣುತ್ತದೆ ನಿನಗೆ?"

ಕಜೆಟನ್ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಅಲ್ಲಿ ಎಷ್ಟು ಹೊತ್ತಿನಿಂದ ಕೂತಿದ್ದನೋ.

"ನನಗೆ ಹೇಗೆ ಗೊತ್ತು?" ಎಂದಳು ಇಮೆಲ್ಡಾ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಕಾಗೆ ತಂದು ಹಾಕಿರಬಹುದು."

"ತೆಂಗಿನಕಾಯಿಯನ್ನಾ?"

"ದೊಡ್ಡ ಕಾಗೆಯಾದರೆ..."

ಕಜೆಟನ್ ನಗು ತಡೆಯಲಾರದೆ ಕಂಬ ಹಿಡಿದುಕೊಂಡ. "ಇಮೆಲ್ಡಾ, ನಾನು ಬಂದರಿನಲ್ಲಿ ಕಾಯುತ್ತಿದ್ದದ್ದು ಎಂತ? ಸಾಮಾನು ಮಾತ್ರ ಅಲ್ಲ, ಕಳ್ಳರನ್ನು. ಮೊದಲನೇ ಕಾಯಿಯ ತೊಟ್ಟು ಕತ್ತಿಯಿಂದ ಕಡಿದದ್ದು. ಮರದಿಂದ ತಾನಾಗಿ ಬೀಳುವ ಕಾಯಿ ಮೊದಲು ಕತ್ತಿ ತಕ್ಕೊಂಡು ತನ್ನ ತೊಟ್ಟು ಕಡಿದುಕೊಳ್ಳುತ್ತದಾ? ಎರಡನೆಯದಕ್ಕೂ ಹಾಗೇ. ಈ ಮೂರನೆಯದು ನನ್ನದು. ನಿನ್ನ ಮುಖ ಹೇಗಾಗುತ್ತದೆ ಅಂತ ನೋಡಬೇಕಿತ್ತು."

ಇಮೆಲ್ಡಾಗೆ ಮೊದಲು ಸಿಟ್ಟು ಬಂತು. ಆಮೇಲೆ ಅವಳಿಗೂ ನಗು ಬಂತು, ಬುಟ್ಟಿಯನ್ನು ನೆಲಕ್ಕಿಟ್ಟು ನಗಬೇಕಾಯಿತು. ಇಷ್ಟು ವರ್ಷ ರಜೆಗೆ ಬಂದು ಹೋಗುತ್ತಿದ್ದ ನೆಂಟನ ಹಾಗಿದ್ದ ಗಂಡ, ಅವತ್ತು ಮನೆಯವನ ಹಾಗೆ ಕಂಡ.

"ಎಂತ ಬೇಕು ಹೇಳು," ಎಂದ ಕಜೆಟನ್.

"ಒಂದು ಗಿಡವೂ ಹೋಗಬಾರದು."

"ಮತ್ತೆ ಕಾರು?"

ಇಮೆಲ್ಡಾ ಎಳೆಯ ಗಿಡಗಳನ್ನು ದಾಟಿ ಜಗಲಿಯ ತುದಿಗೆ ಹೋದಳು. "ಇಲ್ಲಿ. ಜಗಲಿಗೂ ಗಿಡಗಳಿಗೂ ನಡುವೆ ಈ ಓಣಿಯಲ್ಲಿ ನಿಲ್ಲಲಿ. ಜಗಲಿಯ ಹಂಚಿನ ಮಾಡನ್ನು ಸ್ವಲ್ಪ ಮುಂದೆ ಎಳೆದರೆ ಮಳೆ ತಾಗುವುದಿಲ್ಲ. ಮೂರು ಬದಿಯೂ ತೆರೆದದ್ದು, ನೀವು ಹೇಳಿದ ಗಾಳಿ ಹೊರಗೆ ಹೋಗಲಿಕ್ಕೆ. ಅಡಿಗೆಮನೆಯ ಒಲೆ ಮನೆಯ ಆ ತುದಿಯಲ್ಲಿ. ಬಾವಿಕಟ್ಟೆಯ ನೀರು ಹರಿಯುವುದು ಇಲ್ಲೇ. ನಿಮ್ಮ ಉಪ್ಪಿನ ಗುಂಡಿ ವರ್ಷಪೂರ್ತಿ ತೇವ ಇರುತ್ತದೆ. ಪೆಟ್ಟಿಗೆಯನ್ನು ಜಗಲಿಯ ಮೇಲೆ, ಈ ಗೋಡೆಗೆ ಒರಗಿಸಿ ಇಡಿ."

ಕಜೆಟನ್ ಓಣಿಯಲ್ಲಿ ಹೆಜ್ಜೆ ಹಾಕಿ ಅಳೆದ. ಕಂಬ ನೋಡಿದ, ಗೋಡೆ ನೋಡಿದ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತ. ತಪ್ಪು ಹುಡುಕಲು ಬಹಳ ಹೊತ್ತು ತೆಗೆದುಕೊಂಡ, ಸಿಗಲಿಲ್ಲ. ಶೀನ ಬಂದಾಗ, "ನಾನು ಬೇರೆ ಜಾಗ ಯೋಚಿಸಿದ್ದೇನೆ," ಎಂದು ತೋರಿಸಿದ. ಇಮೆಲ್ಡಾ ತಲೆ ಬಗ್ಗಿಸಿ ಹೂ ಕಟ್ಟುತ್ತಿದ್ದಳು.

"ಅದೆಲ್ಲ ಆಗ್ತದೆ," ಎಂದ ಶೀನ.

ಗೋಡೆಗೆ ಮರದ ರೀಪು ಹೊಡೆದು, ರೀಪಿನ ಮೇಲೆ ವಯರು ಕೂರಿಸಿ, ಗುಂಡಿಗೆ ಉಪ್ಪು, ಇದ್ದಿಲು ಸುರಿದು, ಶೀನ ಅಂತೂ ಕೆಲಸ ಮುಗಿಸಿದ. ಇಲಾಖೆಯವರು ಬಂದು ಮೀಟರು ಕೂರಿಸಿದರು. ಕಜೆಟನ್ ಸ್ವಿಚ್ಚು ಒತ್ತಿದಾಗ ಪೆಟ್ಟಿಗೆ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಗಾಜಿನ ಬುರುಡೆ ಮೊದಲು ಕೆಂಡದ ಹಾಗೆ ಕೆಂಪಾಗಿ, ಆಮೇಲೆ ನೇರಳೆ ಕಲೆತ ಬಿಳುಪಾಗಿ ಬೆಳಗಿತು. ಜಗಲಿ ಇಡೀ ಆ ಬೆಳಕಿನಲ್ಲಿ ಮಿಂದಿತು. ಇಮೆಲ್ಡಾ ಹೂವಿನ ಚಾಪೆಯನ್ನು ಪೆಟ್ಟಿಗೆಯ ಎದುರಿಗೆ, ಬೇಕಾದಷ್ಟೇ ದೂರಕ್ಕೆ ಎಳೆದಿಟ್ಟುಕೊಂಡಳು.

ಆದರೆ ಒಂದು ಲೆಕ್ಕ ತಪ್ಪಿತ್ತು. ಕಜೆಟನ್ ಕಾರಿಗೆ ಚಾರ್ಜು ಹಾಕುತ್ತಿದ್ದದ್ದು ಸಂಜೆ. ಇಗರ್ಜಿಯಲ್ಲಿ ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆದು, ರಸ್ತೆಯಲ್ಲಿ ಜನ ಓಡಾಡುವ ಹೊತ್ತಿಗೆ ಸರಿಯಾಗಿ ಬುರುಡೆ ಉರಿಯಬೇಕು, ಜನ ಬೇಲಿಯ ಹತ್ತಿರ ನಿಲ್ಲಬೇಕು, ಅವನು ಬೆನ್ನ ಹಿಂದೆ ಕೈಕಟ್ಟಿ ವಿವರಿಸಬೇಕು. ಬೆಳಗಿನ ಜಾವ ಇಮೆಲ್ಡಾ ಮೊಗ್ಗು ತರುವ ಹೊತ್ತಿಗೆ ಜಗಲಿಯಲ್ಲಿ ಮತ್ತೆ ಕತ್ತಲೆ, ಮತ್ತೆ ಲಾಟೀನು.

ಬೆಳಗ್ಗೆ ಹಾಕಿ ಎಂದು ಬಾಯಿಬಿಟ್ಟು ಕೇಳಿದರೆ ಅವನು ಅವಳ ಲೆಕ್ಕ ಹಿಡಿದುಬಿಡುತ್ತಾನೆ, ತೆಂಗಿನಕಾಯಿಯ ನೆನಪು ಅವನಿಗೆ ಹಸಿಯಾಗಿಯೇ ಇತ್ತು. ಅವಳು ಬೇಲಿಯ ಹತ್ತಿರ ಹೋದಳು. ಆಚೆ ಶೆಟ್ಟರ ಹೆಂಡತಿ ಪ್ರಫುಲ್ಲಾ ಬಸಳೆ ಕೊಯ್ಯುತ್ತಿದ್ದಳು.

"ಪ್ರಫುಲ್ಲಕ್ಕ, ನಿಮ್ಮ ರೇಡಿಯೋದವನಿಗೆ ಸಂಜೆ ಹೊತ್ತು ಶೀತ ಆಗುತ್ತದಾ?"

"ಯಾಕೆ ಬಾಯಮ್ಮ?"

"ಏನಿಲ್ಲ. ಮೊನ್ನೆ ವಾರ್ತೆ ಹೇಳುವವನ ಸ್ವರ ಬಾವಿಯ ಒಳಗಿನಿಂದ ಬಂದ ಹಾಗೆ ಕೇಳಿತು. ನಮ್ಮ ಪೆಟ್ಟಿಗೆ ಉರಿಯುವ ಹೊತ್ತಿಗೇ ಹಾಗಾಗುವುದಪ್ಪ. ನನಗೆಂತ ಗೊತ್ತು, ನಾನು ಸುಮ್ಮನೆ ಹೇಳಿದ್ದು."

ಅವತ್ತು ಸಂಜೆಯೇ ಮುದ್ದಣ್ಣ ಶೆಟ್ಟರು ಬೇಲಿಯ ತಡಮೆ ದಾಟಿ ಬಂದರು.

"ಪೊರ್ಬುಗಳೇ, ನಿಮ್ಮ ಕಾರು ಕುಡಿಯುವುದು ನನ್ನ ಕರೆಂಟು!"

"ನಿಮ್ಮ ಕರೆಂಟು ಅಂತ ಬೇರೆ ಉಂಟಾ ಶೆಟ್ರೇ? ಕಂಬದಲ್ಲಿ ಹೆಸರು ಬರೆದಿದ್ದಾರಾ?"

"ಬೇಕಾದರೆ ಬಂದು ನೋಡಿ. ಬಲ್ಬು ಹಣ್ಣುಮೆಣಸಿನ ಹಾಗೆ ಕೆಂಪಾಗುತ್ತದೆ."

ಪರೀಕ್ಷೆ ಮಾಡಿಯೇ ಬಿಡುವುದೆಂದು ಕಜೆಟನ್ ಶೆಟ್ಟರ ಚಾವಡಿಗೆ ಹೋಗಿ ಕೂತ. ಈಚೆ ಸ್ವಿಚ್ಚಿನ ಹತ್ತಿರ ಇಮೆಲ್ಡಾ. "ಹಾಕು!" ಎಂದು ಕೂಗಿದಾಗ ಹಾಕಿದಳು. ಶೆಟ್ಟರ ಬಲ್ಬು ಕುಗ್ಗಿತು, ವಾರ್ತೆಯವನ ಸ್ವರ ಕುಸಿಯಿತು. "ತೆಗಿ!" ಎಂದಾಗ ತೆಗೆದಳು, ಮನುಷ್ಯನಿಗೆ ಜೀವ ಬಂತು. ಆಮೇಲೆ ಯಾರೂ ಹೇಳದೆ ಇದ್ದಾಗಲೂ ಅವಳು ಒಂದೆರಡು ಸಲ ಹಾಕಿ ತೆಗೆದಳು. ಬೆಲ್ಲದ ಬೆಲೆ ಎಷ್ಟೆಂದು ಹೇಳುವಾಗಲೇ ಸರಿಯಾಗಿ ಆ ಸ್ವರ ನುಂಗಿಹೋಯಿತು. ಬೆಲ್ಲ ತುಂಬಿ ಇಟ್ಟಿದ್ದ ಶೆಟ್ಟರು ಎದ್ದು ನಿಂತುಬಿಟ್ಟರು.

ಕಜೆಟನ್ ಮುಖ ಸಣ್ಣದು ಮಾಡಿಕೊಂಡು ಬಂದ. ಜೊತೆಗೆ ಶೆಟ್ಟರೂ ಇದ್ದರು.

"ಬೆಳಗಿನ ಜಾವ ಕುಡಿಸಿ ನಿಮ್ಮ ಕಾರಿಗೆ," ಎನ್ನುತ್ತಿದ್ದರು ಶೆಟ್ಟರು. "ಆಗ ಯಾರ ಬಲ್ಬೂ ಇಲ್ಲ, ಯಾರ ರೇಡಿಯೋವೂ ಇಲ್ಲ."

"ಆ ಹೊತ್ತಿಗೆ ಎದ್ದು ಸ್ವಿಚ್ಚು ಹಾಕುವವರು ಯಾರು?"

ಇಮೆಲ್ಡಾ ದೊಡ್ಡದೊಂದು ನಿಟ್ಟುಸಿರು ಬಿಟ್ಟಳು. "ನಾನು ಹೇಗೂ ಹೂವಿಗೆ ಏಳಬೇಕಲ್ಲ. ಹಾಕುತ್ತೇನೆ. ಏನು ಮಾಡುವುದು, ನೆರೆಕರೆ ಬೇಕಲ್ವಾ."

"ನೋಡಿ ಪೊರ್ಬುಗಳೇ, ಬಾಯಮ್ಮನ ಮನಸ್ಸು!" ಎಂದರು ಶೆಟ್ಟರು.

ಕಜೆಟನ್ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಆ ಮುಖದಲ್ಲಿ ನಿದ್ದೆಗೆಡುವ ದುಃಖವಲ್ಲದೆ ಬೇರೇನೂ ಇರಲಿಲ್ಲ.

ಹಾಗೆ ಲಾಟೀನು ಅಟ್ಟ ಸೇರಿತು. ನೇರಳೆ ಬೆಳಕಿನಲ್ಲಿ ಮೊಗ್ಗುಗಳು ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು. ಅವಳ ಬೆರಳುಗಳಿಗೆ ರೆಕ್ಕೆ ಬಂದಂತಾಗಿ, ಲೀಲಾಧರ ಗಂಟೆ ಬಾರಿಸುವ ಮೊದಲೇ ಚೆಂಡುಗಳು ಬಾಳೆ ಎಲೆಯಲ್ಲಿ ಸುತ್ತಿ ತಯಾರಿರುತ್ತಿದ್ದವು. ಚಿಮಣಿ ಎಣ್ಣೆಯ ದೂರು ನಿಂತಿತು.

ಮದುವೆಯ ಕಾಲ ಬಂತು. ಅದೊಂದು ಶುಕ್ರವಾರ ಕಜೆಟನ್ ಬೆಳಗಿನ ಪೂಜೆಗೆಂದು ಇಗರ್ಜಿಗೆ ನಡೆದು ಹೋಗಿದ್ದ. ಉಡುಪಿಯ ಎರಡು ಮದುವೆಗೆ ಹೂ ಬೇಕೆಂದು ಕಟ್ಟೆಯಿಂದ ಹಿಂದಿನ ದಿನವೇ ಹೇಳಿ ಕಳಿಸಿದ್ದರು. ಇಮೆಲ್ಡಾ ಬುಟ್ಟಿ ತುಂಬಿಸಿ ಕಾದಳು. ಲೀಲಾಧರ ಬರಲಿಲ್ಲ. ಬಿಸಿಲು ತೆಂಗಿನ ಮರದ ನೆತ್ತಿಗೆ ಬಂತು, ಅವನಿಲ್ಲ. ಸೈಕಲ್ಲಿನ ಚೈನು ತುಂಡಾಗಿ ಅವನು ಪಿಲಾರಿನ ದಾರಿಯಲ್ಲಿ ಕೂತಿದ್ದನೆಂದು ಆಮೇಲೆ ತಿಳಿಯಿತು. ಇನ್ನು ತಡವಾದರೆ ಮೊಗ್ಗು ಅರಳುತ್ತದೆ, ಅರಳಿದ ಮೇಲೆ ಅದನ್ನು ಕೇಳುವವರಿಲ್ಲ.

ಪೆಟ್ಟಿಗೆ ಗುಂಯ್‌ಗುಟ್ಟುತ್ತಿತ್ತು. ಇಮೆಲ್ಡಾ ಅದರ ಸ್ವಿಚ್ಚು ತೆಗೆದಳು, ಕಾರಿನಿಂದ ವಯರು ಕಳಚಿದಳು, ಬುಟ್ಟಿಯನ್ನು ಸೀಟಿನ ಮೇಲಿಟ್ಟಳು. ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಚಕ್ರ ಹಿಡಿದು ಕೂತ ಮೇಲೆ. ತಿರುಗಿಸುವುದು ಅವಳಿಗೆ ಗೊತ್ತಿತ್ತು. ಓಡಿಸುವ ಹಿಡಿಕೆಯನ್ನು ಗಂಡ ಒಂದೊಂದೇ ಕಚ್ಚು ಮುಂದೆ ತಳ್ಳುವುದನ್ನು ಪ್ರತಿ ಭಾನುವಾರ ಪಕ್ಕದಲ್ಲಿ ಕೂತು ನೋಡಿದ್ದಳು. ಒಂದು ಕಚ್ಚು ತಳ್ಳಿದಳು. ಕಾರು ಸದ್ದಿಲ್ಲದೆ ಓಣಿಯಿಂದ ಹೊರಬಂತು.

ಗೇಟಿನ ಹತ್ತಿರ ಶೆಟ್ಟರು ಹಾಲಿನ ಚೆಂಬು ಹಿಡಿದು ರಸ್ತೆಯ ನಡುವಿನಲ್ಲಿ ನಡೆಯುತ್ತಿದ್ದರು. ಅವರಿಗೆ ಏನೂ ಕೇಳಿಸಲಿಲ್ಲ. ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು, "ಶೆಟ್ರೇ, ಸ್ವಲ್ಪ ಆಚೆ!" ಎಂದಳು. ಶೆಟ್ಟರು ಹಾರಿ ಬೇಲಿಯ ಮೇಲೆ ಬಿದ್ದರು. ಹಾಲು ರಸ್ತೆಯ ಮೇಲಾಯಿತು.

"ಬಂದು ಹಾಲು ಕೊಡುತ್ತೇನೆ!" ಎಂದು ಕೂಗುತ್ತಾ ಅವಳು ಎರಡನೇ ಕಚ್ಚಿಗೆ ತಳ್ಳಿದಳು.

ಬಂಟಕಲ್ಲಿನವರೆಗೆ ಚಕ್ರವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಆಮೇಲೆ ಗಾಳಿ ಮುಖಕ್ಕೆ ಬಡಿಯತೊಡಗಿತು, ಪಕ್ಕದಲ್ಲಿ ಮಲ್ಲಿಗೆಯ ಘಮ, ಕೆಳಗೆ ಚಕ್ರದ ಸಣ್ಣ ಸದ್ದು ಮಾತ್ರ. ಗದ್ದೆಯ ಬದುವಿನಲ್ಲಿದ್ದವರು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದರು. ಹಾರ್ನು ಇಲ್ಲದ್ದರಿಂದ ಅವಳು ತಿರುವಿಗೊಮ್ಮೆ "ಹೋಯ್! ಹೋಯ್!" ಎನ್ನುತ್ತಾ ಹೋದಳು. ಹಾಗೆ ಕೂಗುವುದು ಅವಳಿಗೆ ಹಿಡಿಸಿತು. ಯಾರೂ ಇಲ್ಲದ ಕಡೆಯಲ್ಲೂ ಒಂದೆರಡು ಸಲ ಕೂಗಿದಳು.

ಶಂಕರಪುರದ ಕಟ್ಟೆಯಲ್ಲಿ ಜನ ಹೂ ಬಿಟ್ಟು ಕಾರಿನ ಸುತ್ತ ಸೇರಿದರು. ಇಮೆಲ್ಡಾ ಚೆಂಡುಗಳನ್ನು ಕೊಟ್ಟು, ದಿನಾ ಬರುವವಳ ಹಾಗೆ ಕಾರು ತಿರುಗಿಸಿಕೊಂಡು ಹೊರಟಳು. ಆದರೆ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಹೊರಟದ್ದಲ್ಲವೇ. ಹಿಂದೆ ಬರುವಾಗ ಬಂಟಕಲ್ಲಿನ ಏರಿನಲ್ಲಿ ಕಾರು ಮೊದಲು ಎಮ್ಮೆಯ ಹಾಗೆ ನಡೆಯಿತು, ಆಮೇಲೆ ನಿಂತೇಬಿಟ್ಟಿತು.

ಇತ್ತ ಪೂಜೆ ಮುಗಿಸಿ ಬಂದ ಕಜೆಟನ್‌ಗೆ ಸಿಕ್ಕಿದ್ದು ಖಾಲಿ ಓಣಿ, ನೇತಾಡುವ ವಯರು, ಬೇಲಿಯ ಮುಳ್ಳು ತೆಗೆಯುತ್ತಿದ್ದ ಶೆಟ್ಟರು. ಇಬ್ಬರೂ ಶೆಟ್ಟರ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟರು. ದಾರಿಯುದ್ದಕ್ಕೂ ಕಜೆಟನ್ ರಸ್ತೆ ಬದಿಯ ತೋಡುಗಳನ್ನೇ ಬಗ್ಗಿ ಬಗ್ಗಿ ನೋಡುತ್ತಿದ್ದ. ಕಾರು ತೋಡಿಗೆ ಬಿದ್ದಿರಬಹುದು, ಇಮೆಲ್ಡಾ ಅದರ ಅಡಿಯಲ್ಲಿರಬಹುದು ಎಂದೆಲ್ಲ ಅವನ ತಲೆಯಲ್ಲಿ ಓಡುತ್ತಿತ್ತೆಂದು ಶೆಟ್ಟರು ಆಮೇಲೆ ಹೇಳಿದರು.

ಏರಿನ ನಡುವಿನಲ್ಲಿ ಇಮೆಲ್ಡಾ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು. ಸುತ್ತ ಊರಿನ ಜನ. ಗಾಡಿಯಿಂದ ಇಳಿದ ಗಂಡನನ್ನು ನೋಡಿ ಅವಳು ಸೆರಗು ಸರಿಮಾಡಿಕೊಂಡಳು. ಅವನು ಹತ್ತಿರ ಬಂದು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬ್ರೇಕು ಹಾಕಿದ್ದೀಯಾ?" ಎಂದ.

"ಹಾಕಿದ್ದೇನೆ."

ಅವನು ಬಗ್ಗಿ ನೋಡಿದ. ಹಾಕಿತ್ತು.

"ಎಂತ ಪೊರ್ಬುಗಳೇ ಇದು?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

"ಟೆಸ್ಟಿಂಗ್," ಎಂದ ಕಜೆಟನ್ ಗಟ್ಟಿಯಾಗಿ. "ಅರ್ಧ ಚಾರ್ಜಿನಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ನೋಡಲಿಕ್ಕೆ ನಾನೇ ಕಳಿಸಿದ್ದು."

ಎತ್ತುಗಳು ಕಾರನ್ನು ಎಳೆದವು. ಚಕ್ರ ಹಿಡಿದವಳು ಇಮೆಲ್ಡಾ, ಪಕ್ಕದಲ್ಲಿ ನಡೆದು ಬಂದವನು ಕಜೆಟನ್. ಮನೆ ತಲುಪಿದ ಮೇಲೆ ಅವನು ಗಂಜಿಗೆ ಕೂತ. ಅವಳು ಶೆಟ್ಟರ ಮನೆಗೆ ಹಾಲು ಕೊಟ್ಟು ಬಂದು, ಬೈಗುಳಕ್ಕೆ ತಯಾರಾಗಿ ಎದುರಿಗೆ ಕೂತಳು. ಅವನು ಉಪ್ಪಿನಕಾಯಿ ನೆಕ್ಕಿ, ಕೊನೆಗೆ ಬಾಯಿಬಿಟ್ಟ.

"ಏರು ಶುರುವಾಗುವಲ್ಲಿ ಎಷ್ಟು ಕಚ್ಚು ಹಾಕಿದ್ದೆ?"

"ಮೂರು."

"ಅಲ್ಲೇ ತಪ್ಪಿದ್ದು. ಒಂದೇ ಹಾಕಬೇಕಿತ್ತು. ನಿಧಾನಕ್ಕೆ ಹತ್ತಿದರೆ ಬ್ಯಾಟರಿ ಉಳಿಯುತ್ತದೆ." ಒಂದು ಗುಟುಕು ಗಂಜಿ ಕುಡಿದು, "ತಿರುವಿನಲ್ಲಿ ಹೆದರಿಕೆ ಆಯಿತಾ?" ಎಂದ.

"ಇಲ್ಲ," ಎಂದಳು ಇಮೆಲ್ಡಾ. ಆಮೇಲೆ, "ಸ್ವಲ್ಪ," ಎಂದಳು.

ನಾಳೆ ಸ್ವಿಚ್ಚು ಇನ್ನೂ ಬೇಗ ಹಾಕು, ಪೂರ್ತಿ ಚಾರ್ಜು ಆಗಲಿ ಎಂದು ಹೇಳಿ ಅವನು ಕೈ ತೊಳೆಯಲು ಎದ್ದ.

ಮರುದಿನ ಲೀಲಾಧರನ ಸೈಕಲ್ಲು ಸರಿಯಾಗಿತ್ತು, ಅವನು ಹೊತ್ತಿಗೆ ಸರಿಯಾಗಿ ಬಂದು ಗಂಟೆ ಬಾರಿಸಿದ. ಇಮೆಲ್ಡಾ ಅವನಿಗೆ ಒಂದು ಲೋಟ ಚಾ ಕೊಟ್ಟು ಕೂರಿಸಿ, ಬುಟ್ಟಿಯನ್ನು ಕಾರಿನಲ್ಲಿಡಲು ಹೋದಳು. ಸೀಟಿನ ಮೇಲೆ ಆಗಲೇ ಒಬ್ಬರು ಕೂತಿದ್ದರು. ಶೆಟ್ಟರ ಹೆಂಡತಿ ಪ್ರಫುಲ್ಲಾ, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಮುಖಕ್ಕೆ ಪೌಡರು ಹಚ್ಚಿಕೊಂಡು ಬಂದಿದ್ದಳು.

"ಎಲ್ಲಿಗೆ ಪ್ರಫುಲ್ಲಕ್ಕ?"

"ನನಗೆ ಎಲ್ಲಿಗೂ ಹೋಗಲಿಕ್ಕೆ ಇಲ್ಲ ಬಾಯಮ್ಮ," ಎಂದಳು ಪ್ರಫುಲ್ಲಾ. "ನೀವು ಬೇಗ ಹೊರಡಿ. ಇವರು ಈಗ ಹಾಲಿಗೆ ಹೊರಟಿದ್ದಾರೆ, ನಿನ್ನೆಯ ಹಾಗೆ ರಸ್ತೆಯ ನಡುವಿನಲ್ಲೇ ಸಿಗುತ್ತಾರೆ."